ಸೋದರತ್ತೆಯ ಖಾಲಿ ಜಾಗ

ಬುಗಾಂಡದಲ್ಲಿ ತಂದೆಯ ಅಕ್ಕತಂಗಿಯರನ್ನು ‘ಸೆಂಗಾ’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಸೋದರತ್ತೆ. ಉಗಾಂಡದ ನಡುಭಾಗದಲ್ಲಿ, ವಿಕ್ಟೋರಿಯಾ ಸರೋವರದ ದಡಕ್ಕೆ ಹಬ್ಬಿರುವ ಈ ಹಳೆಯ ರಾಜ್ಯದಲ್ಲಿ ಹುಡುಗಿ ದೊಡ್ಡವಳಾಗುವ ಹೊತ್ತಿಗೆ ತಾಯಿ ಹಿಂದೆ ಸರಿಯುತ್ತಾಳೆ, ಸೆಂಗಾ ಮುಂದೆ ಬರುತ್ತಾಳೆ. ಮುಟ್ಟು ಎಂದರೇನು, ಮೈ ಯಾಕೆ ಹೀಗೆ ಬದಲಾಗುತ್ತಿದೆ, ಗಂಡನ ಜೊತೆ ಹೇಗಿರಬೇಕು ಎಂಬ, ತಾಯಿ ಮಗಳ ಮುಂದೆ ಆಡಬಾರದ ಮಾತುಗಳನ್ನೆಲ್ಲ ಸೆಂಗಾ ಆಡಬೇಕು. ಮದುವೆಗೆ ಮುಂಚೆ ನಡೆಯುವ ‘ಕ್ವಂಜುಲ’ ಶಾಸ್ತ್ರದಲ್ಲಿ ಗಂಡಿನ ಕಡೆಯವರ ಗುಂಪಿನೊಳಗೆ ಕೂತ ವರನನ್ನು ಎಲ್ಲರಿಗೂ ಗುರುತಿಸಿ ತೋರಿಸುವವಳೂ ಅವಳೇ.

ಈ ಏರ್ಪಾಡಿನಲ್ಲಿ ಎಲ್ಲವೂ ಒಳ್ಳೆಯದೇ ಇತ್ತು ಎಂದೇನಲ್ಲ. ಗಂಡನಿಗೆ ತಗ್ಗಿ ಬಗ್ಗಿ ನಡೆಯಬೇಕೆಂಬ ಪಾಠ ಅದರಲ್ಲಿ ಧಾರಾಳವಾಗಿತ್ತು. ಆದರೆ ಹೆಣ್ಣಿಗೂ ತನ್ನದೇ ಸುಖವಿದೆ ಎಂಬ ತಿಳಿವಳಿಕೆ ದಾಟಿ ಬಂದದ್ದೂ ಅದೇ ದಾರಿಯಲ್ಲಿ ಎಂದು ಕಂಪಾಲಾದ ಮಕೆರೆರೆ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕಿ ಸಿಲ್ವಿಯಾ ತಮಾಲೆ ಬರೆದಿದ್ದಾರೆ. ಏನೇ ಇರಲಿ, ಹುಡುಗಿಗೆ ಕೇಳಲು ಒಬ್ಬಳಿದ್ದಳು. ಅವಳ ಪರಿಚಯವಿತ್ತು, ಅವಳು ಮನೆಯವಳೇ, ಆದರೂ ಹೆತ್ತವಳಲ್ಲ. ನಾಚಿಕೆಗೂ ಸಲಿಗೆಗೂ ನಡುವಿನ ಆ ಸ್ಥಾನ ಬಹಳ ಯೋಚಿಸಿ ಇಟ್ಟದ್ದು.

1970 ಮತ್ತು 80ರ ದಶಕಗಳಲ್ಲಿ ಆ ಸ್ಥಾನ ಖಾಲಿಯಾಗುತ್ತ ಬಂತು. ಅದೇ ಹೊತ್ತಿಗೆ ಸರೋವರದ ದಂಡೆಯಿಂದ ಒಂದು ಕಾಯಿಲೆ ಮೇಲೆದ್ದಿತು. ಅಲ್ಲಿಂದ ಮುಂದಿನ ನಲವತ್ತು ವರ್ಷಗಳ ಉಗಾಂಡದ ಕಥೆಯನ್ನು ಹಲವು ರೀತಿಯಲ್ಲಿ ಹೇಳಬಹುದು. ಆ ಖಾಲಿ ಜಾಗದಲ್ಲಿ ಯಾರು ಯಾರು ಬಂದು ಕೂತರು ಎಂದು ಕೇಳುತ್ತ ಹೋಗುವುದು ಅವುಗಳಲ್ಲಿ ಒಂದು.

ಸಣಕಲು ರೋಗ

ಕಸೆನ್ಸೆರೊ ಮೀನುಗಾರರ ಹಳ್ಳಿ. ಆಗಿನ ರಕಾಯ್ ಜಿಲ್ಲೆಯ ಅಂಚಿನಲ್ಲಿ, ಟಾಂಜಾನಿಯದ ಗಡಿಗೆ ಹತ್ತಿರದಲ್ಲಿದೆ. 1979ರಲ್ಲಿ ಟಾಂಜಾನಿಯದ ಸೈನ್ಯ ಈ ಸೀಮೆಯನ್ನು ಹಾದು ಬಂದೇ ಇದಿ ಅಮೀನನನ್ನು ಓಡಿಸಿತು. ಅಮೀನ್ ಹೋದ, ಆದರೆ ನೆಮ್ಮದಿ ಬರಲಿಲ್ಲ. ಅಂಗಡಿಯಲ್ಲಿ ಸಕ್ಕರೆ ಸಾಬೂನು ಸಿಗದ ಕಾಲ. ಜನ ‘ಮಗೆಂಡೊ’ ಎಂದು ಕರೆಯುತ್ತಿದ್ದ ಕಾಳಸಂತೆಯೇ ಬದುಕಿನ ದಾರಿ. ರಾತ್ರಿ ದೋಣಿಗಳಲ್ಲಿ ಸರಕು ಗಡಿ ದಾಟುತ್ತಿತ್ತು, ದಡದಲ್ಲಿ ದುಡ್ಡು ಓಡಾಡುತ್ತಿತ್ತು, ದುಡ್ಡಿದ್ದಲ್ಲಿಗೆ ಹೆಂಡದ ಅಂಗಡಿಗಳೂ ಹೆಣ್ಣುಮಕ್ಕಳೂ ಬಂದರು.

1982ರ ಸುಮಾರಿಗೆ ಈ ದಡದ ಜನ ವಿಚಿತ್ರವಾಗಿ ಸಾಯತೊಡಗಿದರು. ನಿಲ್ಲದ ಭೇದಿ, ಬಿಟ್ಟುಬಿಟ್ಟು ಬರುವ ಜ್ವರ. ಮೈ ಕರಗಿ ಎಲುಬು ಮಾತ್ರ ಉಳಿಯುತ್ತಿತ್ತು. ಕಳ್ಳಸಾಗಣೆಯಲ್ಲಿ ಮೋಸ ಹೋದ ಟಾಂಜಾನಿಯದ ವ್ಯಾಪಾರಿಗಳು ಮಾಡಿಸಿದ ಮಾಟವಿದು ಎಂದು ಊರವರು ನಂಬಿದರು. ಸತ್ತವರಲ್ಲಿ ಆ ವ್ಯಾಪಾರದವರೇ ಹೆಚ್ಚಿದ್ದುದರಿಂದ ಮಾತಿಗೆ ಪುಷ್ಟಿಯೂ ಸಿಕ್ಕಿತು. ರೋಗಕ್ಕೆ ‘ಸ್ಲಿಮ್’ ಎಂದು ಹೆಸರಿಟ್ಟರು. ಸಣಕಲು ರೋಗ. ಡೇವಿಡ್ ಸೆರ್ವಡ್ಡ, ನೆಲ್ಸನ್ ಸೆವಾಂಕಾಂಬೊ ಮೊದಲಾದ ವೈದ್ಯರು ರಕ್ತದ ಮಾದರಿಗಳನ್ನು ಪರೀಕ್ಷೆ ಮಾಡಿಸಿ, ಅಮೆರಿಕದಲ್ಲಿ ಏಡ್ಸ್ ತರುತ್ತಿರುವ ವೈರಾಣುವಿಗೂ ಇದಕ್ಕೂ ನಂಟಿದೆ ಎಂದು 1985ರ ಅಕ್ಟೋಬರ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಅಷ್ಟರಲ್ಲಿ ಕಾಯಿಲೆ ದೋಣಿಯಿಂದ ಇಳಿದು ಲಾರಿ ಹತ್ತಿಯಾಗಿತ್ತು. ಮೊಂಬಾಸಾದಿಂದ ಕಂಪಾಲಾ ಮೂಲಕ ರುವಾಂಡಕ್ಕೆ ಹೋಗುವ ಹೆದ್ದಾರಿಯಲ್ಲಿ ಚಾಲಕರು ರಾತ್ರಿ ತಂಗುವ ಲ್ಯಾಂಟೊಂಡೆಯಂಥ ಊರುಗಳು ಅದರ ಮುಂದಿನ ನಿಲ್ದಾಣಗಳಾದವು.

ಇದೇ ವರ್ಷಗಳಲ್ಲಿ ಕಂಪಾಲಾದ ಉತ್ತರಕ್ಕಿರುವ ಲುವೆರೊ ಸೀಮೆ ಅಂತರ್ಯುದ್ಧದಲ್ಲಿ ಉರಿಯುತ್ತಿತ್ತು. ಮನೆಗಳು ಸುಟ್ಟವು, ಕುಟುಂಬಗಳು ದಿಕ್ಕಾಪಾಲಾದವು. ಹುಡುಗಿ ಪಟ್ಟಣ ಸೇರಿದರೆ ಸೆಂಗಾ ಹಳ್ಳಿಯಲ್ಲೇ ಉಳಿದಳು, ಅಥವಾ ಸಣಕಲಾಗಿ ಮಣ್ಣು ಸೇರಿದಳು.

ಗೂಟದ ಸುತ್ತ ಮೇಯುವ ದನ

1986ರ ಜನವರಿಯಲ್ಲಿ ಯೊವೇರಿ ಮುಸೆವೆನಿಯ ಬಂಡುಕೋರ ಸೈನ್ಯ ಕಂಪಾಲಾ ಹಿಡಿಯಿತು. ನಾಲ್ಕು ತಿಂಗಳಲ್ಲೇ, ಮೇ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವ ಆರೋಗ್ಯ ಸಭೆಯಲ್ಲಿ, ಹೊಸ ಆರೋಗ್ಯ ಸಚಿವ ರುಹಕಾನ ರುಗುಂಡ ಎದ್ದು ನಿಂತು ತಮ್ಮ ದೇಶದಲ್ಲಿ ಏಡ್ಸ್ ಇದೆ ಎಂದು ಜಗತ್ತಿಗೆ ಹೇಳಿದರು. ಪ್ರವಾಸಿಗರು ಬರುವುದು ನಿಂತೀತು ಎಂದು ಆಫ್ರಿಕದ ಹಲವು ಸರ್ಕಾರಗಳು ಬಾಯಿ ಮುಚ್ಚಿಕೊಂಡಿದ್ದ ಕಾಲ ಅದು. ಹದಿನೈದು ವರ್ಷಗಳ ರಕ್ತಪಾತ ಕಂಡ ಉಗಾಂಡಕ್ಕೆ ಕಳೆದುಕೊಳ್ಳಲು ಪ್ರವಾಸಿಗರೇ ಇರಲಿಲ್ಲ.

ಮುಸೆವೆನಿಗೆ ನಿಜವಾದ ಗಾಬರಿ ಹುಟ್ಟಿದ್ದು ಸೆಪ್ಟೆಂಬರ್‌ನಲ್ಲಿ. ಹರಾರೆಯಲ್ಲಿ ಅಲಿಪ್ತ ದೇಶಗಳ ಸಮಾವೇಶ. ಫಿಡೆಲ್ ಕ್ಯಾಸ್ಟ್ರೊ ಅವರನ್ನು ಪಕ್ಕಕ್ಕೆ ಕರೆದು, ತರಬೇತಿಗೆಂದು ಕ್ಯೂಬಾಕ್ಕೆ ಬಂದ ನಿಮ್ಮ 60 ಸೈನಿಕರಲ್ಲಿ 18 ಮಂದಿಯ ರಕ್ತದಲ್ಲಿ ವೈರಾಣು ಸಿಕ್ಕಿದೆ ಎಂದರು. ಮೂವರಲ್ಲಿ ಒಬ್ಬ ಎಂದರೂ ಸರಿಯೇ. ಕೋವಿಯ ಬಲದಿಂದ ಗದ್ದುಗೆ ಏರಿದವನಿಗೆ ಇದರ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಲ್ಲಿಂದ ಮುಂದೆ ರಾಷ್ಟ್ರಪತಿ ರಸ್ತೆ ಉದ್ಘಾಟನೆಗೆ ಹೋದರೂ ಏಡ್ಸ್ ಮಾತು, ಬೆಳೆಯ ಬಗ್ಗೆ ಮಾತಾಡಿದರೂ ಕೊನೆಗೆ ಅದೇ ಮಾತು. ರೇಡಿಯೊ ಉಗಾಂಡದಲ್ಲಿ ಎಚ್ಚರಿಕೆಯ ಡೋಲು ಬಡಿದು ಸಂದೇಶ ಶುರುವಾಗುತ್ತಿತ್ತು. ಹಳ್ಳಿಗೆ ಆಪತ್ತು ಬಂದಾಗ ಬಡಿಯುವ ಡೋಲದು. ಕೇಳಿದವರಿಗೆ ಅರ್ಥ ಹೇಳುವ ಅಗತ್ಯವಿರಲಿಲ್ಲ.

ಸಂದೇಶದ ಮಾತೂ ಹಟ್ಟಿಯಿಂದಲೇ ಬಂತು. ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮುಖ್ಯಸ್ಥ ಡಾ. ಸ್ಯಾಮ್ಯುಯೆಲ್ ಒಕ್ವಾರೆ ‘ಜೀರೊ ಗ್ರೇಜಿಂಗ್’ ಎಂಬ ಹೈನುಗಾರಿಕೆಯ ಮಾತನ್ನು ಎತ್ತಿಕೊಂಡರು. ದನವನ್ನು ಬಯಲಿಗೆ ಬಿಡದೆ, ಕಟ್ಟಿದ ಜಾಗದಲ್ಲೇ ಮೇವು ಹಾಕಿ ಸಾಕುವುದಕ್ಕೆ ಅಲ್ಲಿ ಹಾಗೆನ್ನುತ್ತಿದ್ದರು. ಗೂಟಕ್ಕೆ ಕಟ್ಟಿದ ದನ ಹಗ್ಗದ ಉದ್ದಕ್ಕೆ ಸುತ್ತಿ ಮೇದರೆ ನೆಲದ ಮೇಲೆ ಸೊನ್ನೆಯೊಂದು ಮೂಡುತ್ತದೆ. ಆ ಸೊನ್ನೆ ದಾಟಬೇಡ ಎಂಬುದು ಸಂದೇಶ. ದನ ಸಾಕಿದ ಯಾವ ಊರಿನವರಿಗೂ ಬೀಡಾಡಿ ಎಂದರೆ ಏನೆಂದು ತಿಳಿಯುತ್ತದೆ. ಇದರಲ್ಲಿ ಜಾಣತನವೂ ಇತ್ತು. ಇಬ್ಬರು ಹೆಂಡಿರಿರುವ ಮನೆಗಳು ಸಾಮಾನ್ಯವಾಗಿದ್ದ ದೇಶದಲ್ಲಿ ‘ಒಬ್ಬಳೇ ಹೆಂಡತಿ’ ಎಂದು ಉಪದೇಶಿಸಿದರೆ ಅರ್ಧ ಊರು ಎದ್ದು ಹೋಗುತ್ತಿತ್ತು. ಬೇಲಿಯೊಳಗೆ ನಿನ್ನ ಸಂಸಾರ ಹೇಗಾದರೂ ಇರಲಿ, ಬೇಲಿ ಹಾರಬೇಡ ಎಂದಾಗ ಎಲ್ಲರೂ ಕೂತು ಕೇಳಿದರು.

ಕಾಂಡೋಮ್ ವಿಷಯದಲ್ಲಿ ಮಾತ್ರ ಸರ್ಕಾರ ತಡವರಿಸಿತು. ಅಧ್ಯಕ್ಷರಿಗೇ ಅದರ ಮೇಲೆ ವಿಶ್ವಾಸವಿರಲಿಲ್ಲ, ಚರ್ಚುಗಳಿಗಂತೂ ಕೋಪವೇ ಇತ್ತು. ಹಂಚಿಕೆ ಸದ್ದಿಲ್ಲದೆ ನಡೆಯಿತು.

ಇಬ್ಬರು ಎದ್ದು ನಿಂತರು

ಡೋಲಿನ ಸದ್ದಿಗೆ ಜನ ಹೆದರಿದರು. ಹೆದರಿದವರು ರೋಗಿಯ ತಟ್ಟೆ ಲೋಟ ಬೇರೆ ಇಟ್ಟರು. ಹೆದರಿಕೆಯ ಆಚೆಗೆ ಕರೆದುಕೊಂಡು ಹೋಗಲು ಮನುಷ್ಯರ ಮುಖ ಬೇಕಿತ್ತು.

ನೊರೀನ್ ಕಲೀಬ ಕಂಪಾಲಾದ ಮುಲಾಗೊ ಆಸ್ಪತ್ರೆಯಲ್ಲಿ ಫಿಸಿಯೊಥೆರಪಿಸ್ಟ್. ಗಂಡ ಕ್ರಿಸ್ಟೋಫರ್ ಇಂಗ್ಲೆಂಡಿನ ಹಲ್ ನಗರದಲ್ಲಿ ಓದುತ್ತಿದ್ದರು. 1986ರಲ್ಲಿ ಅವರಿಗೆ ಏಡ್ಸ್ ಎಂದು ಅಲ್ಲಿಂದ ಸುದ್ದಿ ಬಂತು. ನೊರೀನ್ ಹೋಗಿ ನೋಡಿದಾಗ ಆಸ್ಪತ್ರೆಯವರು ಗಂಡನನ್ನು ಮನುಷ್ಯನಂತೆ ನೋಡಿಕೊಳ್ಳುತ್ತಿದ್ದರು. ಊರಿಗೆ ಕರೆತಂದ ಮೇಲೆ ಕಂಡದ್ದೇ ಬೇರೆ. ಮುಟ್ಟಲು ಹಿಂಜರಿಯುವ ಕೈಗಳು, ಪಿಸುಮಾತು. 1987ರ ಜನವರಿಯಲ್ಲಿ ಕ್ರಿಸ್ಟೋಫರ್ ತೀರಿಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ನೊರೀನ್ ಇನ್ನಷ್ಟು ಜನರೊಡನೆ ಸೇರಿ ‘ಟಾಸೊ’ ಸಂಸ್ಥೆ ಕಟ್ಟಿದರು. ಶುರುಮಾಡಿದವರು ಒಟ್ಟು 16 ಜನ. ಬಹುಪಾಲು ಮಂದಿಗೆ ಸೋಂಕಿತ್ತು, ಹಲವರು ಬೇಗ ತೀರಿಹೋದರು. ಔಷಧಿಯೇ ಇಲ್ಲದ ಕಾಲದಲ್ಲಿ ಅವರು ಕೊಟ್ಟದ್ದು ಒಂದು ಚಹಾ, ಪಕ್ಕದಲ್ಲಿ ಒಂದು ಕುರ್ಚಿ, ಕೇಳುವ ಕಿವಿ.

ಇನ್ನೊಬ್ಬರು ಫಿಲಿ ಬೊಂಗೊಲೆ ಲುಟಾಯ. ಸ್ವೀಡನ್ನಿನಲ್ಲಿ ನೆಲೆಸಿದ್ದ ಹಾಡುಗಾರ, ‘ಬಾರ್ನ್ ಇನ್ ಆಫ್ರಿಕಾ’ ಹಾಡಿನಿಂದ ಮನೆಮಾತಾಗಿದ್ದವರು. 1989ರ ಏಪ್ರಿಲ್‌ನಲ್ಲಿ ಕಂಪಾಲಾಕ್ಕೆ ಬಂದು ತನಗೆ ಏಡ್ಸ್ ಇದೆ ಎಂದು ಬಹಿರಂಗವಾಗಿ ಹೇಳಿದರು. ಜನ ನಂಬಲಿಲ್ಲ. ಕ್ಯಾಸೆಟ್ ಮಾರಲು ಹೂಡಿದ ಆಟ, ದುಡ್ಡು ತಿಂದಿದ್ದಾನೆ ಎಂದರು. ಸಣಕಲು ರೋಗದವರು ಕಣ್ಣಿಗೆ ಹೇಗೆ ಕಾಣುತ್ತಾರೆಂದು ಎಲ್ಲರಿಗೂ ಗೊತ್ತಿತ್ತು, ಈತ ನೋಡಿದರೆ ಮೈಕೈ ತುಂಬಿಕೊಂಡು ನಿಂತಿದ್ದಾನೆ! ಲುಟಾಯ ಕಲಿಸಬೇಕಿದ್ದ ಪಾಠವೂ ಅದೇ ಆಗಿತ್ತು: ನೋಡಿದರೆ ಗೊತ್ತಾಗುವುದಿಲ್ಲ. ಅವರು ಶಾಲೆಗಳಿಗೆ, ಚರ್ಚುಗಳಿಗೆ ಹೋದರು, ಹಾಡಿದರು, ಮಕ್ಕಳ ಎದುರು ದಿನೇದಿನೇ ಕರಗಿದರು. ಡಿಸೆಂಬರ್ 15ರಂದು ತೀರಿಕೊಂಡಾಗ 38 ವರ್ಷ. ನಂಬದವರಿಗೂ ಆಗ ನಂಬಿಕೆ ಬಂತು. ಮರುವರ್ಷ ಕಂಪಾಲಾದಲ್ಲಿ ಹೆಸರು ಹೇಳದೆ ಸ್ವಇಚ್ಛೆಯಿಂದ ರಕ್ತಪರೀಕ್ಷೆ ಮಾಡಿಸಿಕೊಳ್ಳುವ ಕೇಂದ್ರ ತೆರೆಯಿತು. ಆಫ್ರಿಕದ ಆ ಭಾಗದಲ್ಲಿ ಅಂಥದ್ದು ಅದೇ ಮೊದಲು.

ನಾಲ್ಕು ಪುಟ

ಹದಿನಾರು ವರ್ಷದವರ ಗೊಂದಲ ಮಾತ್ರ ಇದರಿಂದ ತೀರಲಿಲ್ಲ. ಸಾಯುತ್ತೀಯ ಎಂದು ಡೋಲು ಹೇಳಿತು, ಪಾಪ ಎಂದು ಪಾದ್ರಿ ಹೇಳಿದರು. ಹುಡುಗನ ತಲೆಯಲ್ಲಿದ್ದದ್ದು ರಾತ್ರಿ ಒದ್ದೆಯಾದ ಹಾಸಿಗೆ. ಅದು ಕಾಯಿಲೆಯೇ ಎಂದು ಯಾರನ್ನು ಕೇಳುವುದು? ಹುಡುಗಿಗೆ ಮುಟ್ಟಿನ ನೋವು, ಮೊಡವೆ, ಫೀಸು ಕಟ್ಟುತ್ತೇನೆ ಬಾ ಎನ್ನುವ ಅಪ್ಪನ ವಯಸ್ಸಿನ ಗಂಡಸು.

1993ರಲ್ಲಿ ಯುನಿಸೆಫ್ ನೆರವಿನೊಂದಿಗೆ, ಕ್ಯಾಥರೀನ್ ವಾಟ್ಸನ್ ಎಂಬ ಪತ್ರಕರ್ತೆ ಸಂಪಾದಿಸಿದ ‘ಸ್ಟ್ರೈಟ್ ಟಾಕ್’ ಹೊರಬಂತು. ನೇರ ಮಾತು ಎಂದು ಅರ್ಥ. ನಾಲ್ಕು ಪುಟದ ಪತ್ರಿಕೆ, ತಿಂಗಳಿಗೊಮ್ಮೆ. ‘ನ್ಯೂ ವಿಷನ್’ ದಿನಪತ್ರಿಕೆಯ ಮಡಿಕೆಯೊಳಗೆ ಸೇರಿ ಬರುತ್ತಿತ್ತು, ಶಾಲೆಗಳಿಗೆ ಬಿಟ್ಟಿಯಾಗಿ ಹೋಗುತ್ತಿತ್ತು. ಭಾಷೆ ಹುಡುಗರು ಆಡುವ ಸರಳ ಇಂಗ್ಲಿಷ್. ಅದರ ಜೀವ ಇದ್ದದ್ದು ಓದುಗರ ಪತ್ರಗಳಲ್ಲಿ. ಗೆಳೆಯರ ಮುಂದೆ ಕೇಳಿದರೆ ನಗುತ್ತಾರೆ, ಮೇಷ್ಟ್ರನ್ನು ಕೇಳಿದರೆ ಬೆತ್ತ ಬೀಳುತ್ತದೆ ಎಂಬಂಥ ಪ್ರಶ್ನೆಗಳನ್ನು ಮಕ್ಕಳು ಹಾಳೆಯಲ್ಲಿ ಬರೆದು ಅಂಚೆಗೆ ಹಾಕಿದರು. ವೈದ್ಯರು, ಆಪ್ತಸಮಾಲೋಚಕರು ಬಯ್ಯದೆ, ನಗದೆ ಉತ್ತರ ಕೊಟ್ಟರು. ಕಾಯಬಹುದಾದರೆ ಕಾಯಿ, ಶಾಲೆ ಬಿಡಬೇಡ, ಕಾಯಲಾಗದಿದ್ದರೆ ಕಾಂಡೋಮ್ ಬಳಸು, ಅನುಮಾನವಿದ್ದರೆ ಪರೀಕ್ಷೆ ಮಾಡಿಸು. ನಾಲ್ಕೂ ಮಾತು ಒಂದೇ ಪುಟದಲ್ಲಿ, ಒಂದು ಇನ್ನೊಂದನ್ನು ಹೊಡೆಯದಂತೆ ಕೂತಿರುತ್ತಿದ್ದವು.

ಪತ್ರಿಕೆ ಮುಂದೆ ಸಂಸ್ಥೆಯಾಯಿತು. ಹತ್ತರಿಂದ ಹದಿನಾಲ್ಕರ ಮಕ್ಕಳಿಗೆಂದು 1998ರಲ್ಲಿ ‘ಯಂಗ್ ಟಾಕ್’ ಬಂತು. 1997ರಲ್ಲಿ ಪ್ರಾಥಮಿಕ ಶಾಲೆಯ ಫೀಸು ರದ್ದಾಗಿ ತರಗತಿಗಳು ತುಂಬಿ ತುಳುಕುತ್ತಿದ್ದ ಕಾಲ. ಒಂದು ಪ್ರತಿ ಹತ್ತು ಕೈ ದಾಟಿ ಮಾಸುತ್ತಿತ್ತು. 1999ರಿಂದ ರೇಡಿಯೊ ಶುರುವಾಗಿ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಒಂದೊಂದಾಗಿ ದೇಶದ ಭಾಷೆಗಳಲ್ಲಿ ಮಾತಾಡಿತು. ಓದಲು ಬಾರದವರೂ ಆಗ ಕೇಳುಗರಾದರು.

ಉತ್ತರ ಓದಿ ತಿಳಿದ ಮೇಲೆ ಹೋಗಲು ಒಂದು ಬಾಗಿಲೂ ಬೇಕಲ್ಲ. 1994ರಲ್ಲಿ ಕಂಪಾಲಾದ ನಗುರು ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಹದಿಹರೆಯದವರಿಗೆಂದೇ ಮಾಹಿತಿ ಮತ್ತು ಚಿಕಿತ್ಸಾ ಕೇಂದ್ರ ತೆರೆಯಿತು. ಸಾಮಾನ್ಯ ಆಸ್ಪತ್ರೆಯ ಸಾಲಿನಲ್ಲಿ ಅಮ್ಮನ ಗೆಳತಿಯರ ಮಧ್ಯೆ ನಿಂತ ಹುಡುಗಿ, ಗುಪ್ತರೋಗದ ಮಾತ್ರೆ ಬೇಕೆಂದು ಬಾಯಿಬಿಟ್ಟು ಕೇಳುವುದುಂಟೆ? ಕೇಳಿದರೂ ನರ್ಸಮ್ಮ ಮೊದಲು ಕೊಡುವುದು ಬುದ್ಧಿಮಾತು. ನಗುರುವಿನಲ್ಲಿ ಬಾಗಿಲೂ ಬೇರೆ, ಮಾತಿನ ರೀತಿಯೂ ಬೇರೆ ಇತ್ತು. ಅದೇ ವರ್ಷ ಕೈರೊದಲ್ಲಿ ನಡೆದ ವಿಶ್ವಸಂಸ್ಥೆಯ ಜನಸಂಖ್ಯಾ ಸಮ್ಮೇಳನ, ಹದಿಹರೆಯದವರಿಗೂ ಇಂಥ ತಿಳಿವಳಿಕೆ ಮತ್ತು ಚಿಕಿತ್ಸೆಯ ಹಕ್ಕಿದೆ ಎಂದು ಒಪ್ಪಿತು.

ಹಿರಿಯರೆಲ್ಲ ಅಡ್ಡ ನಿಂತರು ಎನ್ನುವಂತೆಯೂ ಇಲ್ಲ. ಪೂರ್ವದ ಎಲ್ಗಾನ್ ಬೆಟ್ಟದ ತಪ್ಪಲಲ್ಲಿ, ಕಪ್ಚೊರ್ವಾದ ಸಬಿನಿ ಜನರಲ್ಲಿ ಹುಡುಗಿಯರ ಜನನಾಂಗ ಕತ್ತರಿಸುವ ಪದ್ಧತಿಯಿತ್ತು. ಹೊರಗಿನವರು ಬಂದು ಅನಾಗರಿಕರು ಎಂದು ಜರೆದಾಗ ಅದು ಬಿಗಿಯಾಯಿತೇ ಹೊರತು ಸಡಿಲವಾಗಲಿಲ್ಲ. ಸಬಿನಿ ಹಿರಿಯರು ತಾವೇ ಸಂಘ ಕಟ್ಟಿಕೊಂಡು, ಹಬ್ಬ ಉಳಿಯಲಿ, ಉಡುಗೊರೆ ಉಳಿಯಲಿ, ಕತ್ತಿ ಬೇಡ ಎಂದರು. ಆ ಸಂಘಕ್ಕೆ 1998ರಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ಪ್ರಶಸ್ತಿ ಬಂತು. ಕಾನೂನು ಬಂದದ್ದು ಹನ್ನೊಂದು ವರ್ಷಗಳ ನಂತರ.

ಸಂಖ್ಯೆ ಇಳಿಯಿತು, ಜಗಳ ಏರಿತು

1990ರ ದಶಕದ ಮೊದಲಿಗೆ ಕೆಲವು ಪಟ್ಟಣದ ಆಸ್ಪತ್ರೆಗಳಲ್ಲಿ ತಪಾಸಣೆಗೆ ಬಂದ ಬಸುರಿಯರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಸೋಂಕಿತ್ತು. ಇಡೀ ದೇಶದ ವಯಸ್ಕರಲ್ಲಿ ಅದು ಶೇ 15ರ ಆಸುಪಾಸು ಎಂದು ಅಂದಾಜು. 2001ರ ಹೊತ್ತಿಗೆ ಅದು ಶೇ 5ರ ಸುಮಾರಿಗೆ ಇಳಿಯಿತು. ಆಫ್ರಿಕದಲ್ಲಿ ಇಂಥ ಇಳಿಕೆಯನ್ನು ಯಾರೂ ಕಂಡಿರಲಿಲ್ಲ.

ಯಾಕೆ ಇಳಿಯಿತು? 1989ರಿಂದ 1995ರ ನಡುವೆ, ಸಂಸಾರದ ಆಚೆ ಸಂಬಂಧವಿದೆ ಎಂದ ಗಂಡಸರ ಪ್ರಮಾಣ ಶೇ 35ರಿಂದ 15ಕ್ಕೆ, ಹೆಂಗಸರದು ಶೇ 16ರಿಂದ 6ಕ್ಕೆ ಬಂದಿತ್ತು. ಸೊನ್ನೆಯ ಮಾತು ಮನೆ ಮುಟ್ಟಿದ್ದಂತೂ ನಿಜ. ಈ ಅಂಕಿಗಳನ್ನು ಮಂಡಿಸಿದ ಸ್ಟೋನ್‌ಬರ್ನರ್ ಮತ್ತು ಲೋ-ಬೇರ್ ಇನ್ನೊಂದನ್ನೂ ಗಮನಿಸಿದರು. ಬೇರೆ ದೇಶಗಳಲ್ಲಿ ಜನಕ್ಕೆ ಏಡ್ಸ್ ಸುದ್ದಿ ಬಂದದ್ದು ಹೆಚ್ಚಾಗಿ ರೇಡಿಯೊ, ಪತ್ರಿಕೆಗಳಿಂದ. ಉಗಾಂಡದಲ್ಲಿ ಗೆಳೆಯರಿಂದ, ನೆಂಟರಿಂದ, ಸಾವಿನ ಮನೆಯಲ್ಲಿ ಕೂತವರಿಂದ. ಊರಿಗೆ ಊರೇ ಈ ಮಾತಾಡುತ್ತಿತ್ತು.

ಆದರೆ ಇಳಿಕೆಯಲ್ಲಿ ಸಾವಿನ ಪಾಲೂ ಇದೆ. ಸೋಂಕಿತರು ಸತ್ತರೆ ಸೋಂಕಿನ ಪ್ರಮಾಣ ಇಳಿಯುತ್ತದೆ, ಗಣಿತಕ್ಕೆ ಕರುಣೆಯಿಲ್ಲ. ರಕಾಯ್‌ನಲ್ಲಿ ವರ್ಷಗಟ್ಟಲೆ ಮನೆಮನೆಗೆ ಹೋಗಿ ರಕ್ತ ಪರೀಕ್ಷಿಸಿದ ಸಂಶೋಧಕರು 2005ರಲ್ಲಿ ತಮ್ಮ ಜಿಲ್ಲೆಯ ಇಳಿಕೆಗೆ ಸಾವು ಮತ್ತು ಕಾಂಡೋಮ್ ಮುಖ್ಯ ಕಾರಣಗಳು, ಬ್ರಹ್ಮಚರ್ಯವಲ್ಲ ಎಂದಾಗ ದೊಡ್ಡ ರಂಪವೇ ಆಯಿತು. ಅಷ್ಟು ಹೊತ್ತಿಗೆ ಉಗಾಂಡದ ಗೆಲುವು ಉಗಾಂಡದ್ದಾಗಿ ಉಳಿದಿರಲಿಲ್ಲ, ವಾಷಿಂಗ್ಟನ್ನಿನ ರಾಜಕೀಯದ ಸರಕಾಗಿತ್ತು.

ಮಾತ್ರೆಯೂ ಫಲಕವೂ

ನಡುವೆ ಔಷಧಿಯ ಕಥೆ ಬರುತ್ತದೆ, ಅದರಲ್ಲಿ ನಮ್ಮ ದೇಶವೂ ಬರುತ್ತದೆ. ವೈರಾಣುವನ್ನು ಹತೋಟಿಯಲ್ಲಿಡುವ ಮೂರು ಔಷಧಿಗಳ ಚಿಕಿತ್ಸೆ 1996ರಿಂದಲೇ ಇತ್ತು. ವರ್ಷಕ್ಕೆ 10,000 ಡಾಲರ್‌ಗೂ ಮೇಲೆ. ಕಂಪಾಲಾದ ಸಂಶೋಧನಾ ಕೇಂದ್ರವೊಂದರ ಮುಖ್ಯಸ್ಥ ಡಾ. ಪೀಟರ್ ಮುಗ್ಯೇನ್ಯಿ, ಪೇಟೆಂಟ್ ಬೆದರಿಕೆಗೆ ಬಗ್ಗದೆ, 2000ದಲ್ಲಿ ಮುಂಬೈನ ಸಿಪ್ಲಾ ಕಂಪನಿಯಿಂದ ಅಗ್ಗದ ಔಷಧಿ ತರಿಸಿದರು. ಮರುವರ್ಷ ಫೆಬ್ರುವರಿಯಲ್ಲಿ ಸಿಪ್ಲಾದ ಯೂಸುಫ್ ಹಮೀದ್ ಮೂರೂ ಔಷಧಿಗಳನ್ನು ದಿನಕ್ಕೆ ಒಂದು ಡಾಲರ್‌ಗೂ ಕಡಿಮೆಗೆ ಕೊಡುತ್ತೇನೆ ಎಂದಾಗ ಜಗತ್ತಿನ ಲೆಕ್ಕಾಚಾರವೇ ಬದಲಾಯಿತು. 2007ರಲ್ಲಿ ಕಂಪಾಲಾದ ಲುಜಿರಾದಲ್ಲೇ ಸಿಪ್ಲಾ ಸಹಯೋಗದ ಕಾರ್ಖಾನೆ ತೆರೆಯಿತು.

2003ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಐದು ವರ್ಷಕ್ಕೆ 1,500 ಕೋಟಿ ಡಾಲರ್‌ಗಳ ಏಡ್ಸ್ ಯೋಜನೆ ಘೋಷಿಸಿದರು. ಆ ಭಾಷಣದ ದಿನ ಮುಗ್ಯೇನ್ಯಿ ಅತಿಥಿಗಳ ಸಾಲಿನಲ್ಲಿ ಕೂತಿದ್ದರು. ‘ಪೆಪ್‌ಫಾರ್’ ಎಂಬ ಆ ಯೋಜನೆ ಉಗಾಂಡದಲ್ಲಿ ಲಕ್ಷಾಂತರ ಜನರನ್ನು ಬದುಕಿಸಿತು, ಇದನ್ನು ಮೊದಲು ಹೇಳಬೇಕು. ಆಮೇಲೆ ಹೇಳಬೇಕಾದ್ದು, ಅದರ ಜೊತೆಗೆ ಬಂದ ಷರತ್ತು. ರೋಗ ತಡೆಯುವ ಕೆಲಸಕ್ಕಿಟ್ಟ ಹಣದಲ್ಲಿ ಮೂರನೇ ಒಂದು ಭಾಗ ಮದುವೆಯವರೆಗೆ ಬ್ರಹ್ಮಚರ್ಯ ಎಂಬ ಬೋಧನೆಗೇ ಹೋಗಬೇಕು.

ದುಡ್ಡು ಬಂದ ಕಡೆಗೆ ಮಾತು ತಿರುಗಿತು. ಕಂಪಾಲಾದ ರಸ್ತೆಬದಿಯ ಫಲಕಗಳಲ್ಲಿ ಮದುವೆಗಾಗಿ ಕಾಯುವ ನಗುಮುಖದ ಹುಡುಗಿಯರು ಮೂಡಿದರು. ಅಧ್ಯಕ್ಷರ ಹೆಂಡತಿ ಜಾನೆಟ್ ಮುಸೆವೆನಿ 2004ರಲ್ಲಿ ದೇಶದ ಕನ್ಯೆಯರ ಗಣತಿಯಾಗಲಿ ಎಂದರು. ಅದೇ ವರ್ಷ ಸರ್ಕಾರ ಬಿಟ್ಟಿಯಾಗಿ ಹಂಚುತ್ತಿದ್ದ ‘ಎಂಗಾಬು’ ಕಾಂಡೋಮ್‌ಗಳಿಂದ ಕೆಟ್ಟ ವಾಸನೆ ಬರುತ್ತದೆ ಎಂಬ ದೂರೆದ್ದು, ಕೋಟಿಗಟ್ಟಲೆ ಸರಕು ಉಗ್ರಾಣದಲ್ಲಿ ಕೂತಿತು. ಎಂಗಾಬು ಎಂದರೆ ಗುರಾಣಿ. ಗುರಾಣಿ ಒಳಗೆ, ಯೋಧರು ಹೊರಗೆ. ತಿಂಗಳುಗಟ್ಟಲೆ ಕೊರತೆ ನಡೆಯಿತು. ವಿಶ್ವಸಂಸ್ಥೆಯ ವಿಶೇಷ ದೂತ ಸ್ಟೀಫನ್ ಲೂಯಿಸ್ 2005ರಲ್ಲಿ ಇದಕ್ಕೆ ಅಮೆರಿಕದ ನೀತಿಯೇ ಕಾರಣ ಎಂದು ನೇರವಾಗಿ ದೂರಿದರು. ಮಕ್ಕಳಿಗೆಂದು ಅಧ್ಯಕ್ಷರ ಹೆಸರಿನಲ್ಲೇ ಸಿದ್ಧವಾಗುತ್ತಿದ್ದ ಶಾಲಾ ಕೈಪಿಡಿಗಳ ವಿವರಗಳು ಧಾರ್ಮಿಕ ಮುಖಂಡರ ಆಕ್ಷೇಪಕ್ಕೆ ಸಿಕ್ಕಿ ಕತ್ತರಿಗೆ ಹೋದವು.

ಕಾಯುವುದು ಕೆಟ್ಟ ಮಾತಲ್ಲ, ಸ್ಟ್ರೈಟ್ ಟಾಕ್ ಕೂಡ ಅದನ್ನೇ ಮೊದಲು ಹೇಳುತ್ತಿತ್ತು. ಆದರೆ ಹದಿನೇಳಕ್ಕೆ ಮದುವೆಯಾಗುವ ಹುಡುಗಿ ಎಷ್ಟು ಕಾಯಬೇಕು? ಹತ್ತು ವರ್ಷ ದೊಡ್ಡವನಾದ ಗಂಡ ಆಗಲೇ ವೈರಾಣು ಹೊತ್ತು ತಂದಿದ್ದರೆ? ಹೊಸ ಸೋಂಕುಗಳಲ್ಲಿ ದೊಡ್ಡ ಪಾಲು ಗಂಡಹೆಂಡಿರ ನಡುವೆಯೇ ಆಗುತ್ತಿತ್ತು. ಫಲಕಕ್ಕೆ ಈ ಪ್ರಶ್ನೆ ಕೇಳಿಸುವುದಿಲ್ಲ. ಅದಕ್ಕೆ ಬಾಯಿಯಷ್ಟೇ ಇದೆ, ಕಿವಿಯಿಲ್ಲ. 2011ರ ಸಮೀಕ್ಷೆಯಲ್ಲಿ ಸೋಂಕಿನ ಪ್ರಮಾಣ ಶೇ 7.3ಕ್ಕೆ ಏರಿತ್ತು. ಔಷಧಿಯಿಂದ ಬದುಕುಳಿದವರು ಹೆಚ್ಚಿದ್ದೂ ಇದಕ್ಕೊಂದು ಕಾರಣ, ಆದರೆ ಹೊಸ ಸೋಂಕುಗಳೂ ನಿಂತಿರಲಿಲ್ಲ.

ಆರಿದ ಬೆಂಕಿ

ದಕ್ಷಿಣದಲ್ಲಿ ಸೆಂಗಾ ಇದ್ದಂತೆ ಉತ್ತರದ ಅಚೋಲಿ ಜನರಲ್ಲಿ ‘ವಾಂಗ್ ಊ’ ಇತ್ತು. ಸಂಜೆ ಅಂಗಳದಲ್ಲಿ ಬೆಂಕಿ ಹಾಕಿ, ಸುತ್ತ ಕೂತು ಅಜ್ಜ ಅಜ್ಜಿಯರು ಕಥೆಯ ನೆವದಲ್ಲಿ ಬದುಕು ಕಲಿಸುವ ರೂಢಿ. ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಎಂಬ ಬಂಡುಕೋರರ ಯುದ್ಧದಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು ಜನ ಶಿಬಿರ ಸೇರಿದಾಗ ಆ ಬೆಂಕಿ ಆರಿತು. ಗುಡಿಸಲಿಗೆ ಗುಡಿಸಲು ತಾಗಿದ ಶಿಬಿರದಲ್ಲಿ ಅಂಗಳ ಎಲ್ಲಿಯದು? ಅಪಹರಣಕ್ಕೆ ಹೆದರಿ ಸಾವಿರಾರು ಮಕ್ಕಳು ಸಂಜೆಯಾದರೆ ಗುಲು ಪಟ್ಟಣಕ್ಕೆ ನಡೆದು ಬಂದು ಜಗುಲಿಗಳಲ್ಲಿ ಮಲಗುತ್ತಿದ್ದರು. ಹಿರಿಯರು ಬೆಂಕಿಯ ಸುತ್ತ ಕೂರಬೇಕಿದ್ದ ಹೊತ್ತಿನಲ್ಲೇ ಮಕ್ಕಳು ಹೆದ್ದಾರಿಯ ಮೇಲಿದ್ದರು. ಸ್ಟ್ರೈಟ್ ಟಾಕ್ ಸಂಸ್ಥೆ ಗುಲುವಿನಲ್ಲಿ ಯುವಕೇಂದ್ರ ತೆರೆಯಿತು. ರಕ್ತಪರೀಕ್ಷೆ, ಗರ್ಭನಿರೋಧಕ, ಆಟ, ಹರಟೆ ಎಲ್ಲ ಒಂದೇ ಸೂರಿನಡಿ. ಅಲ್ಲಿನ ಲುವೊ ಭಾಷೆಯ ರೇಡಿಯೊ ಕಾರ್ಯಕ್ರಮ ಶಿಬಿರಗಳ ಗುಡಿಸಲುಗಳನ್ನು ಮುಟ್ಟಿತು. ಬೆಂಕಿಯ ಸುತ್ತ ಕೂತಿದ್ದವರು ಈಗ ರೇಡಿಯೊದ ಸುತ್ತ ಕೂತರು.

ಹುಟ್ಟುವಾಗಲೇ ಸೋಂಕು ಪಡೆದ ಮಕ್ಕಳೂ ಈ ಹೊತ್ತಿಗೆ ಮಾತ್ರೆಗಳ ಬಲದಿಂದ ಬೆಳೆದು ಹದಿಹರೆಯಕ್ಕೆ ಕಾಲಿಟ್ಟರು. ಅವರು ಬದುಕುತ್ತಾರೆಂದು ಯಾರೂ ಎಣಿಸಿರಲಿಲ್ಲ, ಹಾಗಾಗಿ ಅವರ ಪ್ರಶ್ನೆಗಳಿಗೆ ಯಾರೂ ಸಿದ್ಧರಿರಲಿಲ್ಲ. ನಾನು ಪ್ರೀತಿಸಬಹುದೆ? ಯಾವಾಗ ಹೇಳಬೇಕು? ಅವರು ತಮ್ಮದೇ ಜಾಲ ಕಟ್ಟಿಕೊಂಡರು. 2014ರಿಂದ ಸೋಂಕಿರುವ ಯುವಜನರ ಸೌಂದರ್ಯ ಸ್ಪರ್ಧೆಯನ್ನೇ ಕಂಪಾಲಾದಲ್ಲಿ ನಡೆಸಿದರು. ಲುಟಾಯ ಒಬ್ಬರೇ ನಿಂತಿದ್ದ ವೇದಿಕೆಯಂಥದ್ದರ ಮೇಲೆ ಈಗ ಹುಡುಗ ಹುಡುಗಿಯರು ಸಾಲಾಗಿ ನಡೆದು ಬಂದರು.

ಮತ್ತೆ ಮೌನ

ದೇಶದ ಬಾಯಿ ಮಾತ್ರ ಮತ್ತೆ ಮುಚ್ಚುತ್ತಿತ್ತು. 2016ರಲ್ಲಿ ಸರ್ಕಾರ ಶಾಲೆಗಳಲ್ಲಿ ಸಮಗ್ರ ಲೈಂಗಿಕ ಶಿಕ್ಷಣವನ್ನು ನಿಷೇಧಿಸಿತು. ಅದೇ ವರ್ಷದ ಚುನಾವಣೆಯಲ್ಲಿ ಶಾಲಾ ಹುಡುಗಿಯರಿಗೆಲ್ಲ ಮುಟ್ಟಿನ ಪ್ಯಾಡ್ ಕೊಡುವ ಭರವಸೆಯನ್ನು ಮುಸೆವೆನಿ ಕೊಟ್ಟಿದ್ದರು. ಗೆದ್ದ ಮೇಲೆ, ಶಿಕ್ಷಣ ಸಚಿವೆಯಾಗಿದ್ದ ಜಾನೆಟ್ ಮುಸೆವೆನಿ ಅದಕ್ಕೆ ಹಣವಿಲ್ಲ ಎಂದರು. ಮಕೆರೆರೆಯ ಸಂಶೋಧಕಿ ಸ್ಟೆಲ್ಲಾ ನ್ಯಾಂಜಿ ಜನರಿಂದಲೇ ಪ್ಯಾಡ್ ಕೂಡಿಸಿ ಶಾಲೆಗಳಿಗೆ ಹಂಚಲು ಹೊರಟರು, ಜೊತೆಗೆ ಅಧ್ಯಕ್ಷ ದಂಪತಿಯ ಮೇಲೆ ಬೈಗುಳದ ಮಳೆಗರೆದರು. 2017ರ ಏಪ್ರಿಲ್‌ನಲ್ಲಿ ಬಂಧನವಾಗಿ ತಿಂಗಳಿಗೂ ಹೆಚ್ಚು ಜೈಲಿನಲ್ಲಿದ್ದರು. ಪಪೈರಸ್ ಜೊಂಡಿನಿಂದ ಅಗ್ಗದ ಪ್ಯಾಡ್ ಮಾಡುವ ವಿಧಾನವನ್ನು ಅದೇ ವಿಶ್ವವಿದ್ಯಾಲಯದ ಮೋಸೆಸ್ ಮುಸಾಜಿ ಅದಕ್ಕೂ ಮುಂಚೆಯೇ ಕಂಡುಹಿಡಿದಿದ್ದರು. ಜೊಂಡು ಊರ ತುಂಬ ಬೆಳೆಯುತ್ತಿತ್ತು.

2018ರಲ್ಲಿ ಲೈಂಗಿಕ ಶಿಕ್ಷಣದ ರಾಷ್ಟ್ರೀಯ ಚೌಕಟ್ಟೊಂದು ಬಂತು, ಧಾರ್ಮಿಕ ಮುಖಂಡರ ವಿರೋಧದಲ್ಲಿ ಸಿಕ್ಕಿಕೊಂಡಿತು. 2021ರ ನವೆಂಬರ್‌ನಲ್ಲಿ ಹೈಕೋರ್ಟು ಎರಡು ವರ್ಷದೊಳಗೆ ನೀತಿ ರೂಪಿಸಿ ಎಂದು ಸರ್ಕಾರಕ್ಕೆ ಆದೇಶಿಸಿತು. ಆಗ ಕೋವಿಡ್‌ನಿಂದಾಗಿ ದೇಶದ ಶಾಲೆಗಳು ಬಾಗಿಲು ಹಾಕಿದ್ದವು. 2020ರ ಮಾರ್ಚ್‌ನಲ್ಲಿ ಮುಚ್ಚಿದವು ಪೂರ್ತಿ ತೆರೆದದ್ದು 2022ರ ಜನವರಿ 10ರಂದು; ಜಗತ್ತಿನಲ್ಲೇ ದೀರ್ಘವಾದ ರಜೆ. ತೆರೆದ ದಿನ ಎಷ್ಟೋ ಬೆಂಚುಗಳು ಖಾಲಿಯಿದ್ದವು. ಬಸುರಿಯರೂ ಬಾಣಂತಿಯರೂ ಶಾಲೆಗೆ ಮರಳಬಹುದು ಎಂದು ಸರ್ಕಾರ ಹೇಳಿತು, ಚರ್ಚಿನ ಕೆಲವರು ತಮ್ಮ ಶಾಲೆಗಳಿಗೆ ಬೇಡ ಎಂದರು. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ಒಮ್ಮೆಲೇ ತಡೆಹಿಡಿದಾಗ, ಒಂದು ಕಾಲಕ್ಕೆ ಷರತ್ತು ಹಾಕಿ ಬಂದ ಹಣವೂ ಹೇಳದೆ ಕೇಳದೆ ಹೋಯಿತು.

ಉಗಾಂಡದ ಆರೋಗ್ಯ ಸಮೀಕ್ಷೆಗಳಲ್ಲಿ ಒಂದು ಸಾಲಿದೆ: 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಆಗಲೇ ತಾಯಾದವರು ಅಥವಾ ಬಸುರಿಯಾದವರು ನೂರಕ್ಕೆ ಎಷ್ಟು ಎಂದು. 1995ರಲ್ಲಿ 43, ಹೊಸ ಶತಮಾನ ಶುರುವಾಗುವಾಗ 31, 2006ರಲ್ಲಿ 25. ಆಮೇಲೆ 2016ರಲ್ಲೂ 25, 2022ರಲ್ಲಿ 24. ಶಾಲೆ, ಬಡತನ, ಯುದ್ಧ, ಎಲ್ಲವೂ ಈ ಸಾಲಿನೊಳಗೆ ಸೇರಿವೆ, ಮಾತೊಂದರ ಲೆಕ್ಕಕ್ಕೆ ಇದನ್ನು ಬರೆಯಲಾಗದು. ಆದರೂ ಕಣ್ಣು ತಪ್ಪಿಸಲಾಗದ ಒಂದು ಸಂಗತಿಯಿದೆ. ಸಂಖ್ಯೆ ಓಡಿ ಇಳಿದದ್ದು ಊರೆಲ್ಲ ಮಾತಾಡುತ್ತಿದ್ದ ವರ್ಷಗಳಲ್ಲಿ. ಆಮೇಲೆ ನಾಲ್ವರಲ್ಲಿ ಒಬ್ಬಳು ಎಂಬಲ್ಲಿಗೆ ಬಂದು ನಿಂತುಬಿಟ್ಟಿದೆ.

ಸೆಂಗಾ ಪೂರ್ತಿ ಮಾಯವಾಗಿಲ್ಲ. ಕಂಪಾಲಾದ ಎಫ್‌ಎಂ ವಾಹಿನಿಗಳಲ್ಲಿ, ಲುಗಾಂಡ ಪತ್ರಿಕೆಗಳ ಅಂಕಣಗಳಲ್ಲಿ ದುಡ್ಡಿಗೆ ಬುದ್ಧಿ ಹೇಳುವ ಹೊಸ ಸೆಂಗಾಗಳಿದ್ದಾರೆ. ಗೊತ್ತಿದ್ದದ್ದನ್ನೂ ಗೊತ್ತಿಲ್ಲದ್ದನ್ನೂ ಒಂದೇ ಧೈರ್ಯದಲ್ಲಿ ಹೇಳುತ್ತಾರೆ, ಕೇಳುವವರಿಗಂತೂ ಕೊರತೆಯಿಲ್ಲ.

ಆ ನಾಲ್ಕು ಪುಟದ ಪತ್ರಿಕೆಯಿಂದ ಏನಾದರೂ ಆಯಿತೆ ಎಂದು 2000ದ ದಶಕದ ನಡುವಿನಲ್ಲಿ ಪಾಪ್ಯುಲೇಷನ್ ಕೌನ್ಸಿಲ್‌ನ ಸಂಶೋಧಕರು ಜಿಲ್ಲೆಗಳಿಗೆ ಹೋಗಿ ವಿಚಾರಿಸಿದ್ದರು. ಅದನ್ನು ಓದಿದ, ಅದರ ರೇಡಿಯೊ ಕೇಳಿದ ಮಕ್ಕಳಿಗೆ ತಿಳಿವಳಿಕೆ ಹೆಚ್ಚಿತ್ತು, ರಕ್ತಪರೀಕ್ಷೆ ಮಾಡಿಸಿಕೊಂಡವರೂ ಅವರಲ್ಲಿ ಹೆಚ್ಚಿದ್ದರು. ಇವನ್ನು ಎಲ್ಲರೂ ನಿರೀಕ್ಷಿಸಿದ್ದರು. ಪಟ್ಟಿಯಲ್ಲಿ ಇನ್ನೊಂದಿತ್ತು: ಅವರು ತಮ್ಮ ಅಪ್ಪ ಅಮ್ಮಂದಿರ ಜೊತೆ ಈ ವಿಷಯಗಳನ್ನು ಬೇರೆಯವರಿಗಿಂತ ಹೆಚ್ಚು ಮಾತಾಡುತ್ತಿದ್ದರು. ಮಗಳು ದೊಡ್ಡವಳಾಗುವ ಹೊತ್ತಿಗೆ ಸೆಂಗಾಳಿಗೆ ಜಾಗ ಬಿಟ್ಟು ಹಿಂದೆ ಸರಿಯುತ್ತಿದ್ದ ತಾಯಿ, ಈ ಸಲ ಕೂತಲ್ಲೇ ಕೂತಿದ್ದಳು.